ಗಣ್ಯರ ಹೆಸರು, ಬಾಟಲಿಯ ಬಸಿರು

ಸಿಂಗಪುರದ ಬೊಟಾನಿಕ್ ಗಾರ್ಡನ್ಸ್ ಬೆಳಗಿನ ಜಾವ 5ಕ್ಕೇ ತೆರೆಯುತ್ತದೆ, ಮುಚ್ಚುವುದು ನಡುರಾತ್ರಿಗೆ. ಒಳಹೋಗಲು ಕಾಸು ಕೊಡಬೇಕಿಲ್ಲ. 1859ರಲ್ಲಿ ಶುರುವಾದ ಈ ತೋಟ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೂ ಊರಿನವರ ವಾಕಿಂಗ್ ಜಾಗವಾಗಿಯೇ ಉಳಿದಿದೆ. ಟಿಕೆಟ್ ಕೇಳುವುದು ಒಳಗಿನ ರಾಷ್ಟ್ರೀಯ ಆರ್ಕಿಡ್ ತೋಟದ ಬಾಗಿಲಲ್ಲಿ.

ಅಲ್ಲಿ ಬಂದವರ ಕಣ್ಣು ಮೊದಲು ಹೋಗುವುದು ಹೂವಿನತ್ತಲ್ಲ, ಹೆಸರಿನ ಫಲಕದತ್ತ. ಗಣ್ಯರ ಹೆಸರನ್ನು ಹೊಸ ಮಿಶ್ರತಳಿಗೆ ಇಡುವ ಪದ್ಧತಿ 1956ರದು. ಮಾರ್ಗರೆಟ್ ಥ್ಯಾಚರ್, ನೆಲ್ಸನ್ ಮಂಡೇಲಾ ಇಬ್ಬರ ಹೆಸರಿನ ಹೂಗಳೂ ಇವೆ. 2018ರಲ್ಲಿ ನರೇಂದ್ರ ಮೋದಿಯವರ ಸರದಿ ಬಂತು. ನಮ್ಮಲ್ಲಾದರೆ ಹಾರ ಸಂಜೆಗೆ ಬಾಡುತ್ತದೆ, ಶಾಲು ಬೀರು ಸೇರುತ್ತದೆ. ಸಿಂಗಪುರದವರು ಜಾಣರು.

ಫಲಕಕ್ಕಿಂತ ಸ್ವಾರಸ್ಯದ ಕಥೆ ಗಾಜಿನ ಬಾಟಲಿಯದು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ ಇರಬಹುದು, ಆದರೆ ಒಂದರಲ್ಲೂ ಮೊಳಕೆಗೆ ಬೇಕಾದ ಬುತ್ತಿ ಇರುವುದಿಲ್ಲ. ಮಲೆನಾಡಿನ ಮರಗಳಲ್ಲಿ ಇಳಿಬೀಳುವ ಸೀತಾಳೆ ದಂಡೆಯೂ ಅಷ್ಟೇ: ಬೀಜ ಬಿದ್ದಲ್ಲಿ ತಕ್ಕ ಶಿಲೀಂಧ್ರ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಸಕ್ಕರೆ ಬೆರೆಸಿದ ಅಗರ್ ಎಂಬ ಲೋಳೆಯ ಮೇಲೆ ಶಿಲೀಂಧ್ರದ ಹಂಗಿಲ್ಲದೆ ಬೀಜ ಮೊಳೆಸಿ ತೋರಿಸಿದರು. ಸಿಂಗಪುರದ ತೋಟದ ನಿರ್ದೇಶಕ ಎರಿಕ್ ಹಾಲ್ಟಮ್ ಅದೇ ಉಪಾಯ ಹಿಡಿದು 1928ರಲ್ಲಿ ಪ್ರಯೋಗಾಲಯದ ಗಾಜಿನ ಬಾಟಲಿಗಳಲ್ಲಿ ತಳಿ ಬೆಳೆಸುವ ಕೆಲಸಕ್ಕೆ ಕೈಹಾಕಿದರು. ಮೊದಲ ಮಿಶ್ರತಳಿ ಹೂ ಬಿಟ್ಟದ್ದು 1931ರಲ್ಲಿ. ಬಾಟಲಿಯಿಂದ ಕುಂಡಕ್ಕೆ, ಕುಂಡದಿಂದ ಮೊದಲ ಮೊಗ್ಗಿಗೆ ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಎಷ್ಟೋ ಗಣ್ಯರು ಮಾಜಿಗಳಾಗಿರುತ್ತಾರೆ!

ಇಷ್ಟಾದರೂ ಸಿಂಗಪುರದ ಅತಿ ಹೆಸರಾಂತ ಹೂ ಈ ಪ್ರಯೋಗಾಲಯದ್ದಲ್ಲ. ಆಗ್ನೆಸ್ ಜೋಕಿಮ್ ಎಂಬ ಅರ್ಮೇನಿಯನ್ ಮಹಿಳೆ ಬೆಳೆಸಿದ ನಸುನೇರಳೆ ವಾಂಡಾ ಆರ್ಕಿಡ್ 1893ರಲ್ಲೇ ದಾಖಲಾಯಿತು, 1981ರಲ್ಲಿ ರಾಷ್ಟ್ರೀಯ ಪುಷ್ಪವಾಯಿತು.

ಇನ್ನು ಹುಲಿ ಆರ್ಕಿಡ್. ಈ ತೋಟದಲ್ಲಿ 1861ರಲ್ಲಿ ನೆಟ್ಟ ಗಿಡ ಇಂದಿಗೂ ಇದೆ. ಆರ್ಕಿಡ್‌ಗಳಲ್ಲಿ ಇದಕ್ಕಿಂತ ದೈತ್ಯ ಜಾತಿ ಇನ್ನೊಂದಿಲ್ಲ. ಹಳದಿಯ ಮೇಲೆ ಕಂದು ಮಚ್ಚೆಯ ಹೂಗೊಂಚಲು ಆಳೆತ್ತರ ಮೀರಿ ಏಳುತ್ತದೆ, ಆದರೆ ಅದು ಅಪರೂಪ. ಉಳಿದ ದಿನಗಳಲ್ಲಿ ಅದೊಂದು ಕಬ್ಬಿನ ಮೆಳೆ. ಸೆಲ್ಫಿಯವರು ಯಾರೂ ಅತ್ತ ತಿರುಗುವುದಿಲ್ಲ.