ಹಳೆಯ ಕಚೇರಿಯಲ್ಲಿ ಹೊಸ ಯಂತ್ರ

ಗೋಕಾಕ ಸೀಮೆಯವರಿಗೆ ಯಂತ್ರವು ಹೊಸದಲ್ಲ. ಸುಮಾರು 170 ಅಡಿ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲದಿಂದ 1887ರಲ್ಲಿಯೇ ಇಲ್ಲಿ ನೂಲಿನ ಗಿರಣಿಯನ್ನು ನಡೆಯಿಸತೊಡಗಿದರು. ಅಂದು ಅದೇ ಜನರ ಕಣ್ಣಿಗೆ ಸೋಜಿಗದ ಹೊಸತನವಾಗಿರಬೇಕು.

ನಾನಿರುವದು ಈ ಸೀಮೆಯ ಮತ್ತೊಂದು ಹಳೆಯ, ದೊಡ್ಡ ಕಂಪನಿಯ ಗಣಕ ವಿಭಾಗದಲ್ಲಿ. ಅದರ ಹೆಸರು ಬೇಡ. ಅರಿವೆ ಸುತ್ತಿಟ್ಟ ಪುಸ್ತಕಗಳಲ್ಲಿಯ ಹಜೇರಿ, ಪಗಾರ, ಭವಿಷ್ಯನಿಧಿಗಳ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸುವದೇ ನಮ್ಮ ಕೆಲಸ. ನಿಮಿಷದಲ್ಲಿ ಸಾವಿರಾರು ಜನರ ಪಗಾರವನ್ನು ಎಣಿಸುವ ಆ ಯಂತ್ರಕ್ಕೆ ಮನುಷ್ಯನ ಗುರುತು ಮಾತ್ರ ಸಿಕ್ಕದು. ಹಳೆಯ ಪುಸ್ತಕದಲ್ಲಿ 'ಹುಕೇರಿ', ಹೊಸ ಕಾಗದದಲ್ಲಿ 'ಹುಕ್ಕೇರಿ' ಎಂದಿದ್ದರೆ ಒಂದು ಒತ್ತಿನಿಂದ ಒಬ್ಬನು ಇಬ್ಬರಾಗುವನು. 'ಮೂಡಲಗಿ, ತಾಲೂಕು ಗೋಕಾಕ' ಎಂದು ಬರೆಯಿಸಿದವನ ಊರು ಈಗ ತಾನೇ ತಾಲೂಕಾಗಿದೆ. ಯಂತ್ರಕ್ಕೆ ಅವನು ಅಪರಿಚಿತ. ಇಷ್ಟರಿಂದಲೇ ಅಂಥವನೊಬ್ಬನ ವಿಧವೆಗೆ ಬರಬೇಕಾದ ಪಿಂಚಣಿಯು ತಿಂಗಳುಗಟ್ಟಲೆ ತಡೆಯಿತು.

ಆ ತೊಡಕನ್ನು ಬಿಡಿಸಿದವರು ಹಜೇರಿ ಖಾತೆಯ ಮುದಿ ಕಾರಕೂನರು. "ತಮ್ಮಾ, ಇವರಿಬ್ಬರೂ ಒಬ್ಬನ. ರಾತ್ರಿ ಪಾಳ್ಯಾಗ ಇಪ್ಪತ್ತ ವರ್ಷ ಅವನ ಹಜೇರಿ ನಾನ ಹಾಕೀನಿ" ಎಂದು ಪುಸ್ತಕಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಮೇಲಿನವರು ಒಪ್ಪಿದರು, ಹಣವು ಆ ತಾಯಿಯ ಕೈ ಸೇರಿತು.

ಬರುವ ತಿಂಗಳು ಅವರಿಗೆ ನಿವೃತ್ತಿ. ಪುಸ್ತಕಗಳನ್ನು ಯಂತ್ರಕ್ಕೆ ಇಳಿಸಲು ನಮಗೆ ಅಪ್ಪಣೆಯಾಗಿದೆ. ಅವರ ನೆನಪನ್ನು ಬರೆದುಕೊಳ್ಳಲು ಯಾರೂ ಹೇಳಿಲ್ಲ. ಆದುದರಿಂದ ದಿನವೂ ಸಂಜೆ ಒಂದು ತಾಸು ಅವರ ಬಳಿ ಕುಳಿತು, ಯಾರು ಯಾರೆಂಬುದನ್ನು ಕೇಳಿ ಬರೆದುಕೊಳ್ಳುತ್ತಿರುವೆನು.