ಒದೆಯುವ ಪಿಸ್ತೂಲು: ಕೆಲವು ಟಿಪ್ಪಣಿಗಳು

ಗುಂಡು ಹಾರಿದ ಕೂಡಲೇ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಹೇಗಾದರೂ ತಗ್ಗಿಸಬೇಕೆಂದು ಅಸಲಿ ಬಂದೂಕು ಮಾಡುವವರು ಹೆಣಗುತ್ತಲೇ ಬಂದಿದ್ದಾರೆ. ಈಗ ನೋಡಿದರೆ, ಒದೆಯಲಿ ಎಂದೇ ಜನ ದುಡ್ಡು ಸುರಿಯುವ ಆಟಿಕೆಯೊಂದಿದೆ. ಗ್ಯಾಸ್ ಬ್ಲೋಬ್ಯಾಕ್ ಏರ್‌ಸಾಫ್ಟ್ ಎನ್ನುತ್ತಾರೆ. ಅಮೆರಿಕದಲ್ಲಿರುವ ತಂಗಿಯ ಮಗ ವಿಡಿಯೊ ಕಾಲ್‌ನಲ್ಲಿ ಅದನ್ನು ತೋರಿಸಿದಾಗಿನಿಂದ ನನ್ನ ತಲೆಗೆ ಹುಳ ಹೊಕ್ಕಿದೆ.

*

ಅಳಿಯ ಅದನ್ನು ಮೇಜಿನ ಮೇಲೆ ಬಿಚ್ಚಿ ಹರವಿದ್ದ. “ಮಾಮಾ, ಗ್ಯಾಸ್ ಎಲ್ಲಿ ತುಂಬಿರ್ತಾರ ಹೇಳ್ರಿ ನೋಡೂಣು?” ನಾನು ನಳಿಗೆಯ ಕೆಳಗೆಲ್ಲ ಹುಡುಕಿದೆ. ಅದು ಇದ್ದದ್ದು ಹಿಡಿಕೆಯೊಳಗೆ ಸೇರುವ ಮ್ಯಾಗಝಿನ್‌ನಲ್ಲಿ. ಮುಂದಿನ ಸೀಳಿನಲ್ಲಿ 6 ಮಿ.ಮೀ. ಬಿಳಿ ಪ್ಲಾಸ್ಟಿಕ್ ಗುಂಡುಗಳ ಸಾಲು, ಅದರ ಬೆನ್ನಿಗೆ ದ್ರವರೂಪದ ಗ್ಯಾಸಿನ ಪುಟ್ಟ ಟಾಕಿ. ಟ್ರಿಗರ್ ಎಳೆದರೆ ಸುತ್ತಿಗೆ ಬಡಿದು ಟಾಕಿಯ ಕವಾಟ ತೆರೆಯುತ್ತದೆ. ಗ್ಯಾಸು ಮೊದಲು ಮುಂದಕ್ಕೆ ನುಗ್ಗಿ ಗುಂಡನ್ನು ತಳ್ಳುತ್ತದೆ. ಮರುಕ್ಷಣ ಒಳಗಿನ ಇನ್ನೊಂದು ಚಿಕ್ಕ ಕವಾಟ ಮುಂದಿನ ದಾರಿ ಮುಚ್ಚುತ್ತದೆ. ಆಗ ಉಳಿದ ಗ್ಯಾಸು ಹಿಂದಕ್ಕೆ ತಿರುಗಿ ಮೇಲಿನ ಸ್ಲೈಡನ್ನು ಧಡ್ಡನೆ ನೂಕುತ್ತದೆ. ಸ್ಲೈಡ್ ಹಿಂದೆ ಹೋಗುವಾಗ ಸುತ್ತಿಗೆಯನ್ನು ಮತ್ತೆ ಏರಿಸಿಡುತ್ತದೆ, ಮುಂದೆ ಬರುವಾಗ ಇನ್ನೊಂದು ಗುಂಡನ್ನು ನಳಿಗೆಗೆ ಒಯ್ಯುತ್ತದೆ. ಗುಂಡು ಮುಗಿದರೆ ಅಸಲಿಯಂತೆಯೇ ಹಿಂದೆ ಸಿಕ್ಕು ನಿಲ್ಲುತ್ತದೆ.

ಗುಂಡು ಹಾರಿಸುವುದಷ್ಟೇ ಕೆಲಸವಾಗಿದ್ದರೆ ಇಷ್ಟೆಲ್ಲ ಯಾಕೆ ಬೇಕು? ಕೇಳಿಯೇಬಿಟ್ಟೆ. “ಸ್ಲೈಡ್ ಅಲ್ಲಾಡದ್ದೂ ಬರ್ತಾವ್ರಿ ಮಾಮಾ. ಗ್ಯಾಸ್ ಉಳಿತೈತಿ, ಸಪ್ಪಳಾನೂ ಕಡಿಮಿ. ಆದ್ರ ಮಜಾ ಇಲ್ರಿ.” ಅಂದರೆ ಗ್ಯಾಸಿನ ಒಂದು ಪಾಲು ಸುಮ್ಮನೆ ನಾಟಕಕ್ಕೆ ಖರ್ಚು.

*

ನಳಿಗೆಯ ಬುಡದಲ್ಲಿ ಒಂದು ರಬ್ಬರ್ ಗುಬ್ಬಿ ಇದೆ. ಹಾಯ್ದುಹೋಗುವ ಗುಂಡಿನ ನೆತ್ತಿಯನ್ನು ಸವರಿ ಅದನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಹಾಗೆ ತಿರುಗುವ ಗುಂಡು ಗಾಳಿಯಲ್ಲಿ ತೇಲಿ ಇನ್ನಷ್ಟು ದೂರ ಹೋಗುತ್ತದೆ. ಇದಕ್ಕೆ ಹಾಪ್-ಅಪ್ ಎಂದು ಹೆಸರು. ಸ್ಪಿನ್ ಬೌಲರ್ ಸುನೀಲ್ ಜೋಶಿ ಹುಟ್ಟಿದ ಗದುಗಿನವರಿಗೆ ಚೆಂಡು ತಿರುಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

*

ಅಳಿಯ ಒಂದರ ಹಿಂದೊಂದು ಸರಸರನೆ ಹಾರಿಸಿದ. ಆಮೇಲೆ ಮ್ಯಾಗಝಿನ್ ತೆಗೆದು ಕ್ಯಾಮೆರಾಕ್ಕೆ ಹಿಡಿದ. ಲೋಹದ ಮೈಮೇಲೆ ಮಂಜು ಕಟ್ಟಿ ಸಣ್ಣ ಹನಿಗಳು ಇಳಿಯುತ್ತಿದ್ದವು. ದ್ರವ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಟಾಕಿ ತಣ್ಣಗಾದಷ್ಟೂ ಒತ್ತಡ ಇಳಿದು ಸ್ಲೈಡ್ ಜೋಲು ಬೀಳುತ್ತದೆ. ಚಳಿಗಾಲದಲ್ಲಂತೂ ಪಿಸ್ತೂಲಿಗೆ ನೆಗಡಿ.

ಈ ಗ್ಯಾಸು ಹೆಚ್ಚಾಗಿ ಪ್ರೊಪೇನ್. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲೂ ಇರುವ ಅನಿಲವೇ, ಆ ದುರ್ನಾತವೊಂದಿಲ್ಲ. ರಬ್ಬರ್ ಒಣಗದಿರಲೆಂದು ತುಸು ಸಿಲಿಕಾನ್ ಎಣ್ಣೆ ಬೆರೆಸಿರುತ್ತಾರೆ. 20 ಡಿಗ್ರಿಯಲ್ಲಿ ಇದರ ಒತ್ತಡ ಸುಮಾರು 8 ಬಾರ್, 40 ಡಿಗ್ರಿಯಲ್ಲಿ 13 ದಾಟುತ್ತದೆ. ಗದಗಿನ ಪಕ್ಕದ ನಾಗಾವಿಯ ಬಯಲಲ್ಲಿ ಏಪ್ರಿಲ್ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರು ನೆನಪಾಯಿತು. ಇದು ನಮ್ಮ ಹವೆಗೆ ಹೊಂದುವ ಸಾಮಾನಲ್ಲ.

*

ಗದಗಿನ ತೋಂಟದಾರ್ಯ ಜಾತ್ರೆ. ಬಲೂನು ಹೊಡೆಯುವ ಅಂಗಡಿ. ಕಟ್ಟಿಗೆಯ ಹಿಡಿ ಸವೆದ ಏರ್ ಗನ್. ನಳಿಗೆ ಮಡಚಿ ಸ್ಪ್ರಿಂಗ್ ಬಿಗಿದು ಛರ್ರೆ ಹಾಕಿ ಕೊಡುತ್ತಾರೆ. ಗುರಿ ಒಂದು ಬದಿಗೆ ಎಳೆಯುತ್ತದೆಂದು ಊರಿಗೆಲ್ಲ ಗೊತ್ತು, ಆದರೂ ರೊಕ್ಕ ಕೊಟ್ಟು ಹೊಡೆಯುತ್ತೇವೆ. ಸ್ಪ್ರಿಂಗ್ ಗಟ್ಟಿಯಿರುವ ಒಳ್ಳೆಯ ಏರ್ ಗನ್ನಿನ ಹೊಡೆತ ಅಳಿಯನ ಪಿಸ್ತೂಲಿಗಿಂತ ಹಲವು ಪಟ್ಟು ಜೋರು. 0.20 ಗ್ರಾಂ ಪ್ಲಾಸ್ಟಿಕ್ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೂ ಸಿಗುವುದು 1 ಜೂಲ್ ಮಾತ್ರ. ಹೆಚ್ಚು ಪೆಟ್ಟಿನದನ್ನು ಕಂಡು ಮಕ್ಕಳು ನಗುತ್ತಾ ಸಾಲು ನಿಲ್ಲುತ್ತವೆ. ಕಡಿಮೆ ಪೆಟ್ಟಿನದನ್ನು ಕಂಡರೆ ದೊಡ್ಡವರೂ ಕೈ ಎತ್ತಿ ನಿಲ್ಲಬೇಕು, ಹಾಗಿದೆ ಅದರ ರೂಪ.

*

ನಮ್ಮ ದೇಶದ ಕಾಯಿದೆಯೂ ನನ್ನಷ್ಟೇ ಗೊಂದಲದಲ್ಲಿರುವಂತಿದೆ. 2016ರ ಆಯುಧ ನಿಯಮಗಳು ಏರ್ ಗನ್ನಿಗೆ ಎರಡು ಗೆರೆ ಎಳೆದಿವೆ: ಹೊಡೆತ 20 ಜೂಲ್ ಮೀರಬಾರದು, ನಳಿಗೆಯ ಒಳಅಳತೆ 4.5 ಮಿ.ಮೀ. ಮೀರಬಾರದು. ಮೀರಿದರೆ ಪರವಾನಗಿ. ಅಳಿಯನ ಆಟಿಕೆ ಹೊಡೆತದಲ್ಲಿ ಗೆರೆಯ ಬಹಳ ಒಳಗೆ, 6 ಮಿ.ಮೀ. ಅಳತೆಯಲ್ಲಿ ಗೆರೆಯ ಹೊರಗೆ. ಚುನಾವಣೆ ಬಂತೆಂದರೆ ಪರವಾನಗಿಯ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವುದು ನಮ್ಮಲ್ಲಿ ರೂಢಿ. ಆ ಸಾಲಿನಲ್ಲಿ ಯಾರಾದರೂ ಇದನ್ನು ಹಿಡಿದು ನಿಂತರೆ ಪೊಲೀಸರು ಯಾವ ರಜಿಸ್ಟರಿನಲ್ಲಿ ಬರೆದುಕೊಂಡಾರು?

*

ಏರ್‌ಸಾಫ್ಟ್ ಬೆಳೆದದ್ದು 1970ರ ದಶಕದ ಜಪಾನಿನಲ್ಲಿ. ಸಾಮಾನ್ಯರ ಕೈಗೆ ಬಂದೂಕು ಸಿಗದ ದೇಶ ಅದು. ಸಿಗದ್ದರ ನಕಲನ್ನು ಅಚ್ಚುಕಟ್ಟಾಗಿ ಮಾಡಿಕೊಂಡರು. ನಮ್ಮ ಸೀಮೆಯ ಕತೆ ಬೇರೆ. ಕಂಪನಿ ಸರಕಾರ 1857ರಲ್ಲಿ ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಮರುವರ್ಷ ಮುಂಡರಗಿ ಭೀಮರಾಯ ದಂಗೆಯೆದ್ದು, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಪ್ರಾಣ ಬಿಟ್ಟ. ಅವನಿಗೆ ಈ ಪಿಸ್ತೂಲು ತೋರಿಸಿದ್ದರೆ ಏನೆನ್ನುತ್ತಿದ್ದನೋ! ನಕಲಿನ ಮಾತಿಗೆ ಬಂದರೆ, ನಾಗಾವಿಯಲ್ಲೂ ಒಂದು ಹೆಸರಾಂತ ನಕಲು ಇದೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಆವರಣದಲ್ಲಿ: ಗಾಂಧೀಜಿಯ ಸಾಬರಮತಿ ಆಶ್ರಮದ್ದು. ಅದನ್ನು ಅಸಲಿಯೆಂದು ತಪ್ಪು ತಿಳಿದರೆ ಯಾರಿಗೂ ಕೇಡಿಲ್ಲ.

*

ಪಿಸ್ತೂಲಿನ ನಕಲಿನಲ್ಲಿ ಹಾಗಲ್ಲ. 2014ರ ನವೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಪಾರ್ಕೊಂದರಲ್ಲಿ ಟಮೀರ್ ರೈಸ್ ಎಂಬ 12 ವರ್ಷದ ಹುಡುಗ ಏರ್‌ಸಾಫ್ಟ್ ಪಿಸ್ತೂಲು ಹಿಡಿದು ಆಡುತ್ತಿದ್ದ. ಆಟಿಕೆಯೆಂದು ಗುರುತಿಸಲು ಮೂತಿಗಿರಬೇಕಾದ ಕಿತ್ತಳೆ ಬಣ್ಣದ ತುದಿ ಅದಕ್ಕಿರಲಿಲ್ಲ. ಪೊಲೀಸರ ಕಾರು ಬಂದು ಎರಡು ಸೆಕೆಂಡು ಕಳೆಯುವುದರೊಳಗೆ ಗುಂಡು ಹಾರಿತು. ಮಾರನೆಯ ದಿನ ಹುಡುಗ ತೀರಿಕೊಂಡ. ಇದನ್ನು ಓದಿದ ಮೇಲೆ ಆ ಸ್ಲೈಡು, ಆ ತೂಕ, ಆ ಸಪ್ಪಳವನ್ನು ಹೊಗಳಲು ನನಗೆ ಬಾಯಿ ಬರುತ್ತಿಲ್ಲ. ಯಾವ ಗುಣಕ್ಕೆ ಬೆಲೆ ಕಟ್ಟುತ್ತಾರೋ ಬೀದಿಯಲ್ಲಿ ಅಪಾಯ ತರುವುದೂ ಅದೇ.

ಪರದೇಶದಲ್ಲಿ ಅಳಿಯಂದಿರು, ಮೊಮ್ಮಕ್ಕಳು ಇರುವವರಲ್ಲಿ ಒಂದು ವಿನಂತಿ. ಅಲ್ಲಿನ ಮೈದಾನದಲ್ಲಿ ಆಡುವುದಿದ್ದರೆ ಕಣ್ಣಿಗೆ ಗಾಗಲ್ ಹಾಕಿಕೊಂಡೇ ಆಡಲು ಹೇಳಿರಿ. 1 ಜೂಲ್ ಸಾಕು ಕಣ್ಣು ಹೋಗಲು. ಊರಿಗೆ ಬರುವಾಗ ಮಾತ್ರ ಅದನ್ನು ಬ್ಯಾಗಿನಲ್ಲಿ ತುರುಕಿಕೊಂಡು ಬರಬೇಡಿರೆಂದು ಮುಂಚಿತವಾಗಿಯೇ ತಿಳಿಸಿರಿ.