ಬೇಗ ಎಂದರೆ ಎಷ್ಟು ಹೊತ್ತು?

ಮೊನ್ನೆ ತರಗತಿಯಲ್ಲಿ ಅನುವಾದದ ಪಾಠ. ‘ಸೂನ್’ ಎಂಬ ಇಂಗ್ಲಿಷ್ ಮಾತಿಗೆ ‘ಬೇಗ’ ಎಂದು ಬರೆಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಬೇಗ ಎಂದರೆ ಎಷ್ಟು ಹೊತ್ತು, ಸಾರ್?” ಎಂದ. ತರಗತಿಯೆಲ್ಲ ನಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆದದ್ದರಿಂದ ನನ್ನ ಮಾನ ಉಳಿಯಿತು. ಮನೆಗೆ ಬಂದವನೇ ನಿಘಂಟು ತೆರೆದು ಕುಳಿತೆ.

ಈ ‘ಸೂನ್’ ಹಳೆಯ ಇಂಗ್ಲಿಷಿನಲ್ಲಿ ‘ಸೋನ’ ಆಗಿತ್ತು. ಆಗ ಅದರ ಅರ್ಥ ‘ಒಡನೆಯೇ, ಈ ಕ್ಷಣವೇ’ ಎಂದು. ಆದರೆ ಹೇಳುವುದು ಒಂದು, ಏಳುವುದು ಇನ್ನೊಂದು. ಆಡಿದವರ ಸೋಮಾರಿತನವೆಲ್ಲ ಶಬ್ದಕ್ಕೆ ಅಂಟಿಕೊಂಡು, ‘ಈಗಲೇ’ ಎಂಬುದು ‘ಇನ್ನು ಸ್ವಲ್ಪ ಹೊತ್ತಿಗೆ’ ಎಂದಾಯಿತು. ಇದೊಂದೇ ಆಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ‘ಅನಾನ್’ ಎಂಬುದಕ್ಕೂ ಇದೇ ಗತಿ. ‘ಪ್ರೆಸೆಂಟ್ಲಿ’ ಎಂದರೆ ಶೇಕ್ಸ್‌ಪಿಯರನ ನಾಟಕಗಳಲ್ಲಿ ಸಾಮಾನ್ಯವಾಗಿ ‘ತಕ್ಷಣ’. ಬರಬರುತ್ತ ಅದೂ ‘ಆಮೇಲೆ’ ಆಯಿತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಹೆರೋದ್ಯಳ ಮಗಳು ಸ್ನಾನಿಕನಾದ ಯೋಹಾನನ ತಲೆಯನ್ನು ‘ಬೈ ಅಂಡ್ ಬೈ’ ಕೊಡಿಸು ಎಂದು ಅರಸನನ್ನು ಕೇಳುತ್ತಾಳೆ. ಪಾಪ, ನಿಧಾನವಾಗಿ ಕೊಟ್ಟರೂ ಆದೀತು ಎಂದಳೇನೋ ಎಂದು ಇಂದಿನ ಓದುಗ ತಿಳಿದಾನು. ಅವಳು ಕೇಳಿದ್ದು ನಿಂತ ನಿಲುವಿನಲ್ಲಿ!

ನಾವೇನು ಕಡಿಮೆ? ನಮ್ಮ ‘ಬೇಗ’ ಸಂಸ್ಕೃತದ ‘ವೇಗ’ದ ತದ್ಭವ, ಹುಟ್ಟಿನಲ್ಲಿಯೇ ಓಟವಿದೆ. ಅದೂ ಸಾಲದೆಂದು ಕ್ರಿಯಾಪದವನ್ನೇ ಹಿಡಿದೆವು. ಯಾರಾದರೂ ಕರೆದರೆ ‘ಬಂದೆ’ ಎನ್ನುತ್ತೇವೆ. ಕುರ್ಚಿಯಿಂದ ಎದ್ದಿರುವುದಿಲ್ಲ, ಚಪ್ಪಲಿ ಮೆಟ್ಟಿರುವುದಿಲ್ಲ. ವ್ಯಾಕರಣದ ಪ್ರಕಾರ ಮಾತ್ರ ಭೂತಕಾಲ, ಬಂದು ಆಗಿಹೋಗಿದೆ.

ನಿಘಂಟು ಇನ್ನೂ ಮೇಜಿನ ಮೇಲಿತ್ತು, ಊರಿನಿಂದ ಅಮ್ಮನ ಫೋನು ಬಂತು.

“ಯಾವಾಗ ಬರ್ತೀಯೋ?”

“ಬೇಗ ಬರ್ತೀನಮ್ಮ” ಎಂದೆ. ಯುಗಾದಿಯಿಂದಲೂ ಇದೇ ಪಾಠ ಒಪ್ಪಿಸುತ್ತ ಬಂದಿದ್ದೇನೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಬಾವಿ ಹತ್ತಿರದ ಮರದ್ದು ಒಂದು ಹಲಸಿನಹಣ್ಣು ಇಳಿಸಿಟ್ಟಿದೀನಿ. ಆಗಲೇ ಘಮ್ ಅಂತಿದೆ. ನಾಳಿದ್ದಿನವರೆಗೂ ತಡೀಬಹುದು, ಅಷ್ಟೆ” ಎಂದಳು.

ಕ್ಯಾಲೆಂಡರ್ ನೋಡಿದೆ. ನಾಳಿದ್ದು ಎರಡು ತರಗತಿ, ಮಧ್ಯಾಹ್ನ ಒಂದು ಸಭೆ. ಅರ್ಧ ದಿನ ರಜೆಯಲ್ಲಿ ಆಗುವಂಥದಲ್ಲ.

“ನಾಳಿದ್ದು ಬೆಳಿಗ್ಗೆ ಆರರ ಬಸ್ಸಿಗೆ ಬರ್ತೀನಮ್ಮ” ಎಂದೆ.

“ಬಸ್ಸು ಹತ್ತಿದ ಮೇಲೆ ಫೋನ್ ಮಾಡು” ಎಂದಳು ಅಮ್ಮ.